ಆರರಿಂದ ಹನ್ನೆರಡು ತಿಂಗಳು: ಕೂಸಿನ ಬೆಳವಣಿಗೆಗೆ ಮನೆಯ ಒತ್ತಾಸೆ

ಮಗು ಹುಟ್ಟಿದ ಮೊದಲ ಕೆಲವು ತಿಂಗಳು ಮನೆಯಲ್ಲಿ ಕೈಗಳಿಗೆ ಕೊರತೆ ಇರುವುದಿಲ್ಲ. ತವರಿನ ಬಾಣಂತನ, ಎಣ್ಣೆ ನೀರು, ತೊಟ್ಟಿಲ ಶಾಸ್ತ್ರ ಎಂದು ಹಸುಳೆಯ ಸುತ್ತ ಸದಾ ಹಿರಿಯರಿರುತ್ತಾರೆ. ಆರನೇ ತಿಂಗಳು ಸಮೀಪಿಸುತ್ತಿದ್ದಂತೆ ಚಿತ್ರ ಬದಲಾಗುತ್ತದೆ. 2017ರ ಕಾನೂನು ತಿದ್ದುಪಡಿಯು ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತಾದರೂ, ಹೆರಿಗೆಗೆ ಮುನ್ನವೇ ಕೆಲವು ವಾರ ರಜೆ ಪಡೆದ ಉದ್ಯೋಗಸ್ಥ ತಾಯಿ ಕೂಸಿಗೆ ಐದು ತಿಂಗಳು ತುಂಬುವಷ್ಟರಲ್ಲಿ ಕಚೇರಿಗೆ ಮರಳಬೇಕಾಗುತ್ತದೆ. ಅಜ್ಜಿ ಊರಿಗೆ ಹೊರಡುತ್ತಾರೆ. ಮಗು ಉರುಳುವ, ಕೂರುವ, ತೊದಲುವ, ಕಂಡದ್ದನ್ನೆಲ್ಲ ಬಾಯಿಗಿಡುವ ಕಾಲ ಆರಂಭವಾಗುವುದು ಸರಿಯಾಗಿ ಆಗಲೇ.

ಶೈಶವದ ಈ ಉತ್ತರಾರ್ಧದಲ್ಲಿ, ಅಂದರೆ ಆರರಿಂದ ಹನ್ನೆರಡು ತಿಂಗಳ ಅವಧಿಯಲ್ಲಿ, ಆಗುವ ಬದಲಾವಣೆಗಳ ವೇಗ ಬೆರಗು ಹುಟ್ಟಿಸುವಂಥದ್ದು. ಆಸರೆಯಿಲ್ಲದೆ ಕೂರಲಾಗದ ಕೂಸು ವರ್ಷದೊಳಗೆ ಗೋಡೆ ಹಿಡಿದು ನಿಲ್ಲುತ್ತದೆ. ಬರೀ ಉದ್ಗಾರ ತೆಗೆಯುತ್ತಿದ್ದುದು 'ಅಮ್ಮ', 'ತಾತ' ಎನ್ನತೊಡಗುತ್ತದೆ. ಇದಕ್ಕೆ ಪಾಲಕರು ಮಾಡಬೇಕಾದದ್ದೇನು, ಮಾಡಬಾರದ್ದೇನು, ಯಾವಾಗ ವೈದ್ಯರನ್ನು ಕಾಣಬೇಕು ಎಂಬುದರ ಮಾಹಿತಿ ಇಲ್ಲಿದೆ.

ಹೋಲಿಕೆ ಬೇಡ, ಅವಧಿ ನೋಡಿ

'ಪಕ್ಕದ ಮನೆ ಪಾಪು ಒಂಬತ್ತು ತಿಂಗಳಿಗೇ ನಡೆಯಿತಂತೆ' ಎಂಬ ಒಂದು ಮಾತು ಎಷ್ಟೋ ತಾಯಂದಿರ ನಿದ್ದೆ ಕೆಡಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಭಾರತ, ಘಾನಾ, ನಾರ್ವೆ, ಒಮಾನ್ ಮತ್ತು ಅಮೆರಿಕಗಳ ಆರೋಗ್ಯವಂತ ಮಕ್ಕಳನ್ನು ಅನುಸರಿಸಿ ನಡೆಸಿದ ಅಧ್ಯಯನದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಆಸರೆಯಿಲ್ಲದೆ ಕೂರುವ ಸಾಮರ್ಥ್ಯ 3.8ರಿಂದ 9.2 ತಿಂಗಳ ನಡುವೆ ಯಾವಾಗ ಬೇಕಾದರೂ ಬರಬಹುದು. ಏನನ್ನಾದರೂ ಹಿಡಿದು ನಿಲ್ಲುವುದು 4.8ರಿಂದ 11.4 ತಿಂಗಳ ಒಳಗೆ. ಸ್ವತಂತ್ರವಾಗಿ ಹೆಜ್ಜೆ ಇಡುವುದು 8.2ರಿಂದ 17.6 ತಿಂಗಳ ಒಳಗೆ. ಒಂಬತ್ತು ತಿಂಗಳಿಗೆ ನಡೆದ ಮಗುವೂ ಸಹಜ, ಹದಿನಾರಕ್ಕೆ ನಡೆದ ಮಗುವೂ ಸಹಜ.

ಇದೇ ಅಧ್ಯಯನದಲ್ಲಿ ಇನ್ನೊಂದು ಸ್ವಾರಸ್ಯಕರ ಅಂಶವಿದೆ. ಶೇ 4ರಷ್ಟು ಮಕ್ಕಳು ಅಂಬೆಗಾಲನ್ನೇ ಇಡಲಿಲ್ಲ. ಕೆಲವು ಮಕ್ಕಳು ಹೊಟ್ಟೆಯ ಮೇಲೆ ತೆವಳುತ್ತವೆ, ಕೆಲವು ಕುಳಿತಲ್ಲಿಂದಲೇ ಕುಂಡೆ ಎಳೆದುಕೊಂಡು ಸಾಗುತ್ತವೆ, ಮತ್ತೆ ಕೆಲವು ನೇರವಾಗಿ ಎದ್ದು ನಿಲ್ಲುತ್ತವೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2022ರಲ್ಲಿ ತನ್ನ ಬೆಳವಣಿಗೆಯ ಪಟ್ಟಿಯನ್ನು ಪರಿಷ್ಕರಿಸಿದಾಗ ಅಂಬೆಗಾಲನ್ನು ಅದರಿಂದ ಕೈಬಿಟ್ಟಿತು.

ಅವಧಿಗೆ ಮುನ್ನ ಜನಿಸಿದ ಶಿಶುಗಳ ವಿಷಯದಲ್ಲಿ ಲೆಕ್ಕವೇ ಬೇರೆ. ಎರಡು ತಿಂಗಳು ಮೊದಲೇ ಹುಟ್ಟಿದ ಮಗುವಿಗೆ ಇಂದು ಒಂಬತ್ತು ತಿಂಗಳಾಗಿದ್ದರೆ ಅದರಿಂದ ಏಳು ತಿಂಗಳ ಮಗುವಿನ ಚಟುವಟಿಕೆಯನ್ನಷ್ಟೇ ನಿರೀಕ್ಷಿಸಬೇಕು. ಎರಡು ವರ್ಷದವರೆಗೂ ವೈದ್ಯರು ಹೀಗೆಯೇ ವಯಸ್ಸನ್ನು ಸರಿಹೊಂದಿಸಿ ನೋಡುತ್ತಾರೆ. ಸಮಾರಂಭಗಳಲ್ಲಿ ಪ್ರಶ್ನಿಸುವ ನೆಂಟರಿಗೆ ಈ ಗಣಿತವನ್ನು ವಿವರಿಸುವ ತಾಳ್ಮೆ ಪಾಲಕರಿಗೆ ಇರಬೇಕಷ್ಟೆ.

ನೆಲವೇ ಮೊದಲ ಆಟದ ಮೈದಾನ

ಸ್ನಾಯುಗಳು ಬಲಗೊಳ್ಳಲು ಮಗುವಿಗೆ ಬೇಕಾದದ್ದು ದುಬಾರಿ ಸಲಕರಣೆಯಲ್ಲ, ಚಾಪೆ ಹಾಸಿದ ನೆಲ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯು, ಇನ್ನೂ ಚಲಿಸಲಾರದ ಶಿಶುವನ್ನು ಎಚ್ಚರವಿರುವಾಗ ದಿನಕ್ಕೆ ಒಟ್ಟು ಅರ್ಧ ಗಂಟೆಯಾದರೂ ಬೋರಲು ಮಲಗಿಸಿ ಆಡಿಸಬೇಕೆಂದು ಹೇಳುತ್ತದೆ. ತಳ್ಳುಗಾಡಿ, ಎತ್ತರದ ಕುರ್ಚಿ ಅಥವಾ ಬೆನ್ನಿಗೆ ಕಟ್ಟಿದ ಜೋಳಿಗೆಯಲ್ಲಿ ಒಮ್ಮೆಗೆ ಒಂದು ಗಂಟೆಗಿಂತ ಹೆಚ್ಚು ಕಾಲ ಕಟ್ಟಿಹಾಕಬಾರದೆಂದೂ ಅದರಲ್ಲಿದೆ. ನಾಲ್ಕರಿಂದ ಹನ್ನೊಂದು ತಿಂಗಳ ಮಗುವಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 12ರಿಂದ 16 ಗಂಟೆ ನಿದ್ದೆ ಬೇಕು.

ಇಷ್ಟದ ಗಿಲಕಿಯನ್ನು ಕೈಗೆಟಕದಷ್ಟು ದೂರದಲ್ಲಿಟ್ಟರೆ ಮಗು ತಾನೇ ಮುಂದೆ ಬಾಗುತ್ತದೆ, ತೆವಳುತ್ತದೆ. ಕೂರಲು ಕಲಿಯುತ್ತಿರುವ ಕೂಸಿನ ಸುತ್ತ ದಿಂಬು ಜೋಡಿಸುವುದು ಒಳ್ಳೆಯದೇ; ಆದರೆ ದಿನವಿಡೀ ದಿಂಬಿಗೆ ಒರಗಿಸಿ ಕೂರಿಸಿದರೆ ಬೆನ್ನಿಗೆ ಕೆಲಸ ಉಳಿಯುವುದಿಲ್ಲ. ಹಿಡಿದು ನಿಲ್ಲುವ ಹಂತದಲ್ಲಿ ಬರಿಗಾಲೇ ಲೇಸು. ನಯವಾದ ಗ್ರಾನೈಟ್ ಅಥವಾ ಟೈಲ್ಸ್ ನೆಲದ ಮೇಲೆ ಕಾಲುಚೀಲ ಹಾಕಿದ ಮಗು ಜಾರುತ್ತದೆ.

ಇನ್ನು ವಾಕರ್. ಗಾಲಿಗಳ ಮೇಲಿನ ಪ್ಲಾಸ್ಟಿಕ್ ಚೌಕಟ್ಟಿನ ನಡುವೆ ಮಗುವನ್ನು ತೂಗುಬಿಡುವ ಈ ಸಾಧನ ಇಂದಿಗೂ ನಾಮಕರಣದ ಉಡುಗೊರೆಗಳ ಪಟ್ಟಿಯಲ್ಲಿದೆ. ಬೇಗ ನಡೆಯಲೆಂದು ಕೊಡಿಸುವ ವಸ್ತು ನಡಿಗೆಯನ್ನು ತಡಮಾಡುತ್ತದೆ ಎಂಬುದೇ ವಿಪರ್ಯಾಸ. ಐರ್ಲೆಂಡ್‌ನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಗು ವಾಕರ್‌ನಲ್ಲಿ ಕಳೆದ ಒಟ್ಟು ಪ್ರತಿ 24 ಗಂಟೆಗೆ ಸ್ವತಂತ್ರ ನಡಿಗೆ ಸುಮಾರು ಮೂರು ದಿನ ಹಿಂದೆ ಬಿದ್ದಿರುವುದು ಕಂಡುಬಂತು. ಅಪಾಯವಂತೂ ಇನ್ನೂ ದೊಡ್ಡದು. ಅಮೆರಿಕದಲ್ಲಿ 1990ರಿಂದ 2014ರವರೆಗೆ ವಾಕರ್ ಅವಘಡಗಳಿಂದಾಗಿ ತುರ್ತು ಚಿಕಿತ್ಸೆ ಪಡೆದ ಹದಿನೈದು ತಿಂಗಳೊಳಗಿನ ಮಕ್ಕಳ ಸಂಖ್ಯೆ 2.30 ಲಕ್ಷ ಮೀರಿತ್ತು. ಬಹುಪಾಲು ಮಕ್ಕಳು ಮೆಟ್ಟಿಲಿನಿಂದ ಉರುಳಿದ್ದವು, ಪೆಟ್ಟು ಬಿದ್ದದ್ದು ತಲೆಗೆ. ಕೆನಡಾ 2004ರಲ್ಲೇ ವಾಕರ್ ಮಾರಾಟವನ್ನು ನಿಷೇಧಿಸಿತು. ನಮ್ಮ ಹಳೆಯ ಮನೆಗಳಲ್ಲಿದ್ದ ಮೂರು ಗಾಲಿಯ ಮರದ ಗಾಡಿಯ ಮಾತು ಬೇರೆ. ಅಲ್ಲಿ ಮಗು ತನ್ನ ಕಾಲ ಮೇಲೆ ತಾನೇ ನಿಂತು ಗಾಡಿಯನ್ನು ತಳ್ಳುತ್ತದೆ. ಎದ್ದು ನಿಲ್ಲಲು ಕಲಿತ ಮೇಲೆ, ಹಿರಿಯರ ಕಣ್ಣಳತೆಯಲ್ಲಿ, ಅದನ್ನು ಬಳಸಲು ಅಡ್ಡಿಯಿಲ್ಲ.

'ತ'ಕಾರ, 'ಟ'ಕಾರ ಮತ್ತು ಟಿ.ವಿ.

ಈ ಅವಧಿಯಲ್ಲಿ ಕಣ್ಣಿಗೆ ಕಾಣದಂತೆ ನಡೆಯುವ ದೊಡ್ಡ ಕೆಲಸ ಕಿವಿಯದು. ಕೆನಡಾದ ಸಂಶೋಧಕರಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಭಾರತೀಯ ಓದುಗರಿಗೆ ವಿಶೇಷ ಆಸಕ್ತಿ ಮೂಡಿಸುವಂಥದ್ದು. ಇಂಗ್ಲಿಷ್ ಮಾತ್ರ ಕೇಳುತ್ತ ಬೆಳೆಯುತ್ತಿದ್ದ ಶಿಶುಗಳಿಗೆ ಅವರು ಹಿಂದಿಯ 'ತ' ಮತ್ತು 'ಟ' ಧ್ವನಿಗಳನ್ನು ಕೇಳಿಸಿದರು. ಆರರಿಂದ ಎಂಟು ತಿಂಗಳ ಶಿಶುಗಳಲ್ಲಿ ಹೆಚ್ಚಿನವು ಈ ವ್ಯತ್ಯಾಸವನ್ನು ಗುರುತಿಸಿದವು. ಹತ್ತು-ಹನ್ನೆರಡು ತಿಂಗಳಾಗುವ ಹೊತ್ತಿಗೆ ಬಹುತೇಕ ಶಿಶುಗಳಿಗೆ ಅದು ಸಾಧ್ಯವಾಗಲಿಲ್ಲ. ಹಿಂದಿ ಕೇಳುತ್ತ ಬೆಳೆದ ಶಿಶುಗಳಲ್ಲಿ ಮಾತ್ರ ಆ ಶಕ್ತಿ ಉಳಿದಿತ್ತು. ಕನ್ನಡದಲ್ಲೂ 'ತಟ್ಟೆ'ಯ ಒಳಗೇ ಈ ಎರಡೂ ಧ್ವನಿಗಳಿವೆ. ಅಂದರೆ ಮೊದಲ ಮಾತು ಹೊರಡುವ ಮುನ್ನವೇ ಕೂಸಿನ ಕಿವಿ ತನ್ನ ಮನೆಯ ಭಾಷೆಗೆ ಶ್ರುತಿಗೊಳ್ಳುತ್ತಿರುತ್ತದೆ. ಹೊರದೇಶಗಳಲ್ಲಿ ನೆಲೆಸಿರುವ ಕನ್ನಡಿಗರು 'ಮಾತು ಬಂದ ಮೇಲೆ ಕನ್ನಡ ಕಲಿಸಿದರಾಯಿತು' ಎನ್ನುವುದುಂಟು. ಆಗಲೂ ಕಲಿಸಬಹುದು ನಿಜ, ಆದರೆ ಕೇಳಿಸುವ ಕೆಲಸ ತೊಟ್ಟಿಲಲ್ಲೇ ಶುರುವಾದರೆ ಶ್ರಮ ಕಡಿಮೆ.

ಹಾಗೆಂದು ಶಿಶುಗೀತೆಗಳ ವಿಡಿಯೊ ಹಾಕಿಟ್ಟರೆ ಸಾಕೆ? ಸಾಲದು ಎನ್ನುತ್ತದೆ 2003ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ. ಅಮೆರಿಕದ ಸಿಯಾಟಲ್‌ನಲ್ಲಿ ಪೆಟ್ರಿಷಿಯಾ ಕೂಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಶಿಶುಗಳಿಗೆ ಚೀನಿ ಭಾಷೆಯನ್ನು ಹನ್ನೆರಡು ಅವಧಿಗಳಲ್ಲಿ ಕೇಳಿಸಿದರು. ಎದುರಿಗೆ ಕುಳಿತ ವ್ಯಕ್ತಿ ಆಡಿಸುತ್ತ, ಪುಸ್ತಕ ತೋರಿಸುತ್ತ ಮಾತನಾಡಿದಾಗ ಮಕ್ಕಳು ಆ ಭಾಷೆಯ ಧ್ವನಿಗಳನ್ನು ಗ್ರಹಿಸಿದವು. ಅದೇ ವ್ಯಕ್ತಿ, ಅದೇ ಮಾತು ಪರದೆಯ ಮೇಲೆ ಬಂದಾಗ ಮಕ್ಕಳು ಕಣ್ಣರಳಿಸಿ ನೋಡಿದವೇ ಹೊರತು ಏನನ್ನೂ ಕಲಿಯಲಿಲ್ಲ.

ಒಂದು ವರ್ಷದೊಳಗಿನ ಮಗುವಿಗೆ ಪರದೆಯೇ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಭಾರತೀಯ ಮಕ್ಕಳ ವೈದ್ಯರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಎರಡು ವರ್ಷದವರೆಗೂ ಬೇಡ ಎನ್ನುತ್ತದೆ; ದೂರದ ಅಜ್ಜ-ಅಜ್ಜಿಯರ ಜೊತೆಗಿನ ವಿಡಿಯೊ ಕರೆಗೆ ಮಾತ್ರ ವಿನಾಯಿತಿ ನೀಡಿದೆ. ಊಟ ಮಾಡಿಸಲು ಮೊಬೈಲ್ ಹಿಡಿಯುವ ರೂಢಿ ಬೆಂಗಳೂರಿನ ಯಾವ ಹೋಟೆಲಿಗೆ ಹೋದರೂ ಕಾಣಸಿಗುತ್ತದೆ. ಇದರಲ್ಲಿ ಪಾಲಕರ ಆಯಾಸದ ಪಾಲೂ ಇದೆಯೆಂಬುದನ್ನು ಮರೆಯಲಾಗದು. ಆದರೂ ಒಮ್ಮೆ ಅಂಟಿದ ಈ ರೂಢಿಯನ್ನು ಬಿಡಿಸುವುದಕ್ಕಿಂತ ಆರಂಭಿಸದಿರುವುದೇ ಸುಲಭ.

ಹಾಗಾದರೆ ಮಾತನಾಡಿಸುವುದು ಹೇಗೆ? ಮಗು 'ಬಬಬ' ಎಂದಾಗ ಅದಕ್ಕೆ ಉತ್ತರ ಕೊಟ್ಟು, ಮತ್ತೆ ಅದರ ಸರದಿಗಾಗಿ ಕಾಯುವುದು. ಸ್ನಾನ ಮಾಡಿಸುವಾಗ ಕೈ, ಕಾಲು, ಮೂಗು ಎಂದು ಹೆಸರಿಸುವುದು. ಮಗು ಕಾಗೆಯನ್ನೇ ನೋಡುತ್ತಿದ್ದರೆ ನಾವೂ ಕಾಗೆಯ ಮಾತನ್ನೇ ಆಡುವುದು. ಅದರ ಗಮನ ಎಲ್ಲಿದೆಯೋ ಅಲ್ಲಿಗೆ ನಾವು ಹೋಗಬೇಕು, ನಮ್ಮ ಕಡೆಗೆ ಅದನ್ನು ಎಳೆಯಬಾರದು. ಅಜ್ಜಿಯರು 'ತಾಚಿ', 'ಮಮ್ಮು', 'ಟಾಟಾ' ಎಂದು ರಾಗ ಎಳೆದು ಮಾತನಾಡುವುದನ್ನು ಕೆಲವು ಸುಶಿಕ್ಷಿತ ಪಾಲಕರು ತಡೆಯುತ್ತಾರೆ. ತಡೆಯಬೇಕಾದ್ದಿಲ್ಲ. ಏರಿಳಿತದ ಆ ರಾಗವೇ ಮಗುವಿನ ಗಮನವನ್ನು ಹಿಡಿದಿಡುತ್ತದೆ. ಮನೆಯಲ್ಲಿ ಕನ್ನಡದ ಜೊತೆ ತೆಲುಗು, ತಮಿಳು ಅಥವಾ ಉರ್ದು ಇದ್ದರೆ ಎರಡೂ ಕೇಳಲಿ. ಎರಡು ಭಾಷೆಗಳಿಂದ ಮಗುವಿನ ಮಾತು ಕೆಡುವುದಿಲ್ಲ.

ಡಬ್ಬಿಯ ಮುಚ್ಚಳ, ಅಮ್ಮನ ಸೆರಗು

ಏಳೆಂಟು ತಿಂಗಳ ಮಗು ಚಮಚವನ್ನು ಕೆಳಗೆ ಬೀಳಿಸುತ್ತದೆ. ಎತ್ತಿಕೊಟ್ಟರೆ ಮತ್ತೆ ಬೀಳಿಸುತ್ತದೆ. ಇದು ಹಟವಲ್ಲ, ಪ್ರಯೋಗ. ಕಣ್ಣಿಗೆ ಮರೆಯಾದ ವಸ್ತು ಇಲ್ಲವಾಗುವುದಿಲ್ಲ ಎಂಬ ಅರಿವು ಗಟ್ಟಿಗೊಳ್ಳುವ ಕಾಲವಿದು. ಸೆರಗಿನ ಹಿಂದೆ ಮುಖ ಮರೆಮಾಡಿ ತೋರಿಸುವ ಆಟ, ಬಟ್ಟಲ ಕೆಳಗೆ ಚೆಂಡು ಅಡಗಿಸಿ ಹುಡುಕಿಸುವ ಆಟ ಇದಕ್ಕೆ ಹೇಳಿ ಮಾಡಿಸಿದಂತಿವೆ. ಇದೇ ಅರಿವಿನ ಇನ್ನೊಂದು ಮುಖ, ಅಮ್ಮ ಕಣ್ಮರೆಯಾದೊಡನೆ ಅಳುವುದು ಮತ್ತು ಹೊಸಬರನ್ನು ಕಂಡರೆ ಮುಖ ತಿರುಗಿಸುವುದು. ಎಂಟು-ಒಂಬತ್ತು ತಿಂಗಳಲ್ಲಿ ಇದು ತೀವ್ರವಾಗಿರುತ್ತದೆ. ತಾಯಿ ಕೆಲಸಕ್ಕೆ ಹೊರಡುವಾಗ ಕದ್ದು ಹೋಗುವುದಕ್ಕಿಂತ ಕೈಬೀಸಿ ಹೇಳಿಯೇ ಹೋಗುವುದು ಮೇಲು. ಶಿಶುಪಾಲನಾ ಕೇಂದ್ರಕ್ಕೆ ಸೇರಿಸುವುದಿದ್ದರೆ, ಸಾಧ್ಯವಾದಲ್ಲಿ, ಈ ಹಂತಕ್ಕೆ ಮುನ್ನವೇ ಅಲ್ಪಸ್ವಲ್ಪ ರೂಢಿ ಮಾಡಿಸುವುದು ಒಳಿತು.

ಬೆರಳುಗಳ ಕೌಶಲವೂ ಈಗಲೇ ಮೂಡುತ್ತದೆ. ಆರು ತಿಂಗಳಲ್ಲಿ ಇಡೀ ಅಂಗೈಯಿಂದ ಬಾಚಿಕೊಳ್ಳುತ್ತಿದ್ದ ಮಗು ವರ್ಷದೊಳಗೆ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಿಂದ ಒಂದು ಅನ್ನದ ಅಗುಳನ್ನು ಹೆಕ್ಕುತ್ತದೆ. ತಟ್ಟೆಯಲ್ಲಿ ನಾಲ್ಕು ಅಗುಳು ಹರಡಿ ಕೊಟ್ಟರೆ ಅದೇ ಅಭ್ಯಾಸ. ಆಟಿಕೆಗೆ ಸ್ಟೀಲ್ ಡಬ್ಬಿ, ಮುಚ್ಚಳ, ಮರದ ಸೌಟು ಸಾಕು. ಕೊಳ್ಳುವುದೇ ಆದರೆ, ಹಾಲೆ ಮರದಿಂದ ಕಡೆದು ಅರಗಿನ ಬಣ್ಣ ಹಾಕಿದ ಚನ್ನಪಟ್ಟಣದ ಗಿಲಕಿ ಹತ್ತಿರದಲ್ಲೇ ಇದೆ. ಕಾರ್ಖಾನೆಯ ಆಟಿಕೆಗಳಿಗೆ 2021ರ ಜನವರಿಯಿಂದ ಐಎಸ್ಐ ಗುರುತು ಕಡ್ಡಾಯ. ಕೊಳ್ಳುವಾಗ ಅದನ್ನು ನೋಡಬೇಕು.

ಇಂಥ ಸರಳ ಆಟಗಳಿಗೆ ಎಷ್ಟರ ಮಟ್ಟಿಗೆ ಬೆಲೆಯಿದೆ ಎಂಬುದಕ್ಕೆ ಜಮೈಕಾದ ಕಿಂಗ್‌ಸ್ಟನ್ ನಗರ ಸಾಕ್ಷಿ. ಅಲ್ಲಿ 1980ರ ದಶಕದಲ್ಲಿ ಸ್ಯಾಲಿ ಗ್ರಾಂಥಮ್-ಮೆಗ್ರೆಗರ್ ಮತ್ತು ಸಂಗಡಿಗರು ಬಡ ಕುಟುಂಬಗಳ, ವಯಸ್ಸಿಗೆ ತಕ್ಕ ಎತ್ತರವಿಲ್ಲದ, ಒಂಬತ್ತರಿಂದ ಇಪ್ಪತ್ತನಾಲ್ಕು ತಿಂಗಳ 129 ಮಕ್ಕಳನ್ನು ಆಯ್ದುಕೊಂಡರು. ಕೆಲವು ಮನೆಗಳಿಗೆ ಆರೋಗ್ಯ ಕಾರ್ಯಕರ್ತೆ ವಾರಕ್ಕೊಮ್ಮೆ ತೆರಳಿ, ಬಿಸಾಡುವ ವಸ್ತುಗಳಿಂದ ಮಾಡಿದ ಆಟಿಕೆಗಳೊಂದಿಗೆ ಮಗುವನ್ನು ಆಡಿಸುವ ಬಗೆಯನ್ನು ತಾಯಿಗೆ ತೋರಿಸಿದರು. ಎರಡು ವರ್ಷ ನಡೆದದ್ದು ಇಷ್ಟೇ. ಇಪ್ಪತ್ತು ವರ್ಷಗಳ ಬಳಿಕ ಹುಡುಕಿ ನೋಡಿದಾಗ, ಆಡಿಸಿಕೊಂಡ ಮಕ್ಕಳ ಗಳಿಕೆ ಉಳಿದವರಿಗಿಂತ ಶೇ 25ರಷ್ಟು ಹೆಚ್ಚಿತ್ತು. ಈ ವರದಿ 2014ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ರಾಗಿ ಸರಿ ಒಳ್ಳೆಯದು, ಅದೊಂದೇ ಸಾಲದು

ಮಿದುಳಿನ ಬೆಳವಣಿಗೆಗೆ ಆಟದಷ್ಟೇ ಊಟವೂ ಮುಖ್ಯ. ಆರು ತಿಂಗಳು ತುಂಬಿದೊಡನೆ ಎದೆಹಾಲಿನ ಜೊತೆಗೆ ಮೆತ್ತನೆಯ ಆಹಾರ ಆರಂಭವಾಗಬೇಕು. ಅನ್ನಪ್ರಾಶನದ ಮುಹೂರ್ತಕ್ಕಾಗಿ ತಿಂಗಳುಗಟ್ಟಲೆ ಕಾಯುವುದು ತರವಲ್ಲ. ಆರರಿಂದ ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಬಾರಿ, ಅನಂತರ ಮೂರು ನಾಲ್ಕು ಬಾರಿ ಉಣಿಸಬೇಕು. ಎದೆಹಾಲನ್ನು ಬಿಡಿಸಬಾರದು.

ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಜರಡಿ ಹಿಡಿದು ಮಾಡುವ 'ಸರಿ' ಅಥವಾ ಕರಾವಳಿಯ 'ಮಣ್ಣಿ' ನಮ್ಮ ಹಿರಿಯರ ಜಾಣ್ಮೆ. ಮೊಳಕೆಯಿಂದ ಗಂಜಿ ಅಂಟಾಗದೆ ತೆಳುವಾಗುತ್ತದೆ. ಹಾಗಾಗಿ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು, ಹೆಚ್ಚು ಶಕ್ತಿ ಹಿಡಿಸುತ್ತದೆ. ಕ್ಯಾಲ್ಸಿಯಂ ಕೂಡ ಧಾರಾಳ. ಆದರೆ ರಾಗಿಯೊಂದನ್ನೇ ನಂಬಿ ಕೂತರೆ ಕಬ್ಬಿಣಾಂಶ ಸಾಲುವುದಿಲ್ಲ. ತಾಯಿಯ ಗರ್ಭದಲ್ಲಿ ಕೂಡಿಟ್ಟ ಕಬ್ಬಿಣದ ದಾಸ್ತಾನು ಆರು ತಿಂಗಳ ಹೊತ್ತಿಗೆ ಬರಿದಾಗುತ್ತ ಬರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳ ಪೈಕಿ ದೇಶದಲ್ಲಿ ಶೇ 67.1, ಕರ್ನಾಟಕದಲ್ಲಿ ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆ ಇತ್ತು. ಕಬ್ಬಿಣದ ಕೊರತೆ ರಕ್ತಕ್ಕೆ ಮಾತ್ರವಲ್ಲ, ಕಲಿಕೆಗೂ ಪೆಟ್ಟು. ಆದ್ದರಿಂದ ತೊಗರಿ ಅಥವಾ ಹೆಸರು ಬೇಳೆ, ಸೊಪ್ಪು, ಒಗ್ಗುವ ಮನೆಗಳಲ್ಲಿ ಮೊಟ್ಟೆ, ಮೀನು, ಮಾಂಸ ಬಟ್ಟಲಿಗೆ ಬರಬೇಕು. ಬೇಳೆಗೆ ಎರಡು ಹನಿ ನಿಂಬೆರಸ ಹಿಂಡಿದರೆ ಕಬ್ಬಿಣ ಚೆನ್ನಾಗಿ ಹೀರಿಕೆಯಾಗುತ್ತದೆ. ಸರ್ಕಾರದ ಕಾರ್ಯಕ್ರಮದಡಿ ಈ ವಯಸ್ಸಿನ ಮಕ್ಕಳಿಗೆ ವಾರಕ್ಕೆರಡು ಬಾರಿ 1 ಮಿಲಿ ಕಬ್ಬಿಣಾಂಶದ ಸಿರಪ್ ನೀಡಲಾಗುತ್ತದೆ. ಆಶಾ ಕಾರ್ಯಕರ್ತೆ ಅಥವಾ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು. ವರ್ಷದೊಳಗೆ ಜೇನುತುಪ್ಪ ನೆಕ್ಕಿಸಬಾರದು. ಅದರಲ್ಲಿರಬಹುದಾದ ಸೂಕ್ಷ್ಮಾಣು ಶಿಶುಗಳಿಗೆ ಮಾರಕವಾದೀತು. ಉಪ್ಪು, ಸಕ್ಕರೆಯ ಅವಸರವೂ ಬೇಡ.

ಸಸ್ಯಾಹಾರಿ ಕುಟುಂಬಗಳು ಮತ್ತೊಂದು ವಿಷಯವನ್ನು ಅಗತ್ಯವಾಗಿ ಅರಿತಿರಬೇಕು. ತಾಯಿಯಲ್ಲಿ ಬಿ12 ಜೀವಸತ್ವದ ಕೊರತೆಯಿದ್ದರೆ ಎದೆಹಾಲಿನಲ್ಲೂ ಅದು ಕಡಿಮೆ. ಮೇಲಾಹಾರ ಆರಂಭಿಸದೆ ಎದೆಹಾಲಿನಲ್ಲೇ ಉಳಿದ ಇಂಥ ಮಕ್ಕಳು ಆರು ತಿಂಗಳ ನಂತರ ಬಿಳಿಚಿಕೊಂಡು ಮಂಕಾಗುವುದು, ಬೆರಳ ಗೆಣ್ಣುಗಳು ಕಪ್ಪಾಗುವುದು, ಕೂದಲು ವಿರಳವಾಗುವುದು, ಕಲಿತಿದ್ದ ನಗು ಮತ್ತು ಆಟ ಮರೆಯುವುದು, ಕೊನೆಗೆ ಕೈಕಾಲು ನಡುಗುವುದು ಭಾರತದಲ್ಲಿ ವೈದ್ಯರಿಗೆ ಪರಿಚಿತವಾದ ಕಾಯಿಲೆ. ದುಂಡಗಿರುವ ಮಗುವಿಗೂ ಇದು ಬರಬಹುದು. ಬೇಗ ಗುರುತಿಸಿ ಬಿ12 ಕೊಟ್ಟರೆ ಮಗು ಚೇತರಿಸಿಕೊಳ್ಳುತ್ತದೆ. ಬಾಣಂತಿಯ ರಕ್ತದಲ್ಲಿ ಬಿ12 ಪ್ರಮಾಣ ಪರೀಕ್ಷಿಸುವುದು ಖರ್ಚಿನ ದೃಷ್ಟಿಯಿಂದಲೂ ಜಾಣತನ.

ಅಂಬೆಗಾಲಿಗೆ ಮುನ್ನ ಮನೆಯ ತಪಾಸಣೆ

ಮಗು ಚಲಿಸತೊಡಗಿದ ದಿನದಿಂದ ಮನೆ ಬೇರೆಯೇ ಆಗುತ್ತದೆ. ಬಚ್ಚಲಲ್ಲಿ ನೀರು ತುಂಬಿದ ಬಕೆಟ್ ಬಿಡಬಾರದು. ಅಂಗುಲಗಳಷ್ಟು ನೀರೂ ಪ್ರಾಣಾಂತಿಕ. ಕಡಲೆಬೀಜ, ಇಡೀ ದ್ರಾಕ್ಷಿ, ನಾಣ್ಯ, ಆಟಿಕೆಯ ಗುಂಡಿಯಂಥ ಬ್ಯಾಟರಿ ಕೈಗೆ ಸಿಗಬಾರದು. ಬ್ಯಾಟರಿ ನುಂಗಿದರೆ ಅನ್ನನಾಳ ಗಂಟೆಗಳಲ್ಲೇ ಸುಡುತ್ತದೆ, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ನೆಲದ ಮೇಲೆ ಇಳಿಸಿಟ್ಟ ಬಿಸಿ ಸಾರಿನ ಪಾತ್ರೆ, ಕೆಳಮಟ್ಟದ ಪ್ಲಗ್, ಸೊಳ್ಳೆಬತ್ತಿ, ಬಾಲ್ಕನಿಯ ಸರಳುಗಳ ಅಂತರ ಇವನ್ನೆಲ್ಲ ಒಮ್ಮೆ ಮಗುವಿನ ಎತ್ತರಕ್ಕೆ ಬಗ್ಗಿ ನೋಡಬೇಕು.

ಯಾವಾಗ ತಡಮಾಡಬಾರದು

'ನಮ್ಮ ಮನೆಯಲ್ಲಿ ಎಲ್ಲರಿಗೂ ಮಾತು ತಡ' ಎಂಬ ಸಮಾಧಾನ ಅನೇಕ ಮಕ್ಕಳ ಅಮೂಲ್ಯ ತಿಂಗಳುಗಳನ್ನು ನುಂಗಿದೆ. ಒಂಬತ್ತು-ಹತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದಿರುವುದು, ಹೆಸರು ಕರೆದರೆ ತಿರುಗದಿರುವುದು, 'ಬಬ', 'ದದ' ಎಂಬಂಥ ತೊದಲು ಇಲ್ಲದಿರುವುದು, ವರ್ಷ ತುಂಬಿದರೂ ಹಿಡಿದು ನಿಲ್ಲದಿರುವುದು ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು. ವರ್ಷದೊಳಗೆ ಒಂದೇ ಕೈಯನ್ನು ಬಳಸುತ್ತಿದ್ದರೆ ಅದನ್ನು ಎಡಗೈ, ಬಲಗೈ ರೂಢಿಯೆಂದು ನಗುತ್ತ ಬಿಡಬಾರದು. ಇನ್ನೊಂದು ಕೈಯಲ್ಲಿ ಬಲ ಕಡಿಮೆಯಿರಬಹುದು. ಕಲಿತದ್ದನ್ನು ಮರೆಯುವುದು ಯಾವ ವಯಸ್ಸಿನಲ್ಲೂ ಸಹಜವಲ್ಲ.

ಶ್ರವಣದೋಷ ಈ ವಯಸ್ಸಿನಲ್ಲಿ ಸುಲಭವಾಗಿ ಕಣ್ತಪ್ಪುತ್ತದೆ. ಕಿವಿ ಕೇಳಿಸದ ಶಿಶುವೂ ಮೊದಲ ತಿಂಗಳುಗಳಲ್ಲಿ ಉದ್ಗಾರ ತೆಗೆಯುತ್ತದೆ, ನಗುತ್ತದೆ, ಮುಖ ನೋಡಿ ಸ್ಪಂದಿಸುತ್ತದೆ. ವ್ಯತ್ಯಾಸ ಬಯಲಾಗುವುದು ಸ್ಪಷ್ಟ ತೊದಲು ಮೂಡಬೇಕಾದ ಹತ್ತು ತಿಂಗಳ ಆಸುಪಾಸಿನಲ್ಲಿ. ಮನೆಯಲ್ಲಿ ತಟ್ಟೆ ಬಡಿದು ನೋಡುವ ಪರೀಕ್ಷೆಯನ್ನು ನಂಬುವಂತಿಲ್ಲ. ಮೊದಲ ತಿಂಗಳಲ್ಲಿ ತಪಾಸಣೆ, ಮೂರನೆಯ ತಿಂಗಳಿಗೆ ಖಚಿತ ನಿರ್ಣಯ, ಆರನೆಯ ತಿಂಗಳಿಗೆ ಚಿಕಿತ್ಸೆ ಎಂಬುದು ಅಂತರರಾಷ್ಟ್ರೀಯ ಮಾನದಂಡ. ಹುಟ್ಟಿದಾಗ ಪರೀಕ್ಷೆ ಆಗಿರದಿದ್ದರೆ ಈಗಲಾದರೂ ಮಾಡಿಸಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶಕ್ಕೇ ಹೆಸರಾದದ್ದು.

ಇನ್ನೊಂದು ತುರ್ತು ಸ್ಥಿತಿಯನ್ನು ಪಾಲಕರು ಹೆಸರಿಗಿಂತ ನೋಟದಿಂದ ಗುರುತಿಟ್ಟುಕೊಳ್ಳುವುದು ಒಳ್ಳೆಯದು. ಮಗು ನಿದ್ದೆಯಿಂದ ಎದ್ದ ಹೊತ್ತಿಗೆ ತಲೆ ಬಾಗಿಸಿ, ಕೈಗಳನ್ನು ಥಟ್ಟನೆ ಚಾಚಿ ಅಥವಾ ಮಡಚಿ, ಕೆಲವು ಸೆಕೆಂಡಿಗೊಮ್ಮೆ ಸಾಲುಸಾಲಾಗಿ ಬೆಚ್ಚುತ್ತಿದ್ದರೆ ಅದು ಹೊಟ್ಟೆನೋವೋ ದೃಷ್ಟಿಯೋ ಅಲ್ಲ, ಶೈಶವದ ಅಪಸ್ಮಾರವಿರಬಹುದು. ಇಂಗ್ಲೆಂಡಿನ ವೈದ್ಯ ವಿಲಿಯಂ ಜೇಮ್ಸ್ ವೆಸ್ಟ್ 1841ರಲ್ಲಿ ತನ್ನ ಸ್ವಂತ ಮಗನಲ್ಲಿ ಕಂಡು ಇದನ್ನು ಮೊದಲು ವಿವರಿಸಿದ. ಮೂರರಿಂದ ಹನ್ನೆರಡು ತಿಂಗಳ ನಡುವೆ ಇದು ಹೆಚ್ಚು. ಚಿಕಿತ್ಸೆ ತಡವಾದಷ್ಟೂ ಮಿದುಳಿಗೆ ಹಾನಿ. ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಂಡು ಅದೇ ದಿನ ಮಕ್ಕಳ ತಜ್ಞರಿಗೆ ತೋರಿಸಬೇಕು.

ಒಂಬತ್ತನೇ ತಿಂಗಳಿಗೆ ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸ್ ಹಾಗೂ 'ಎ' ಜೀವಸತ್ವದ ಮೊದಲ ಡೋಸ್‌ಗಾಗಿ ಮಗುವನ್ನು ಹೇಗೂ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಚುಚ್ಚಿಸಿಕೊಂಡು ಮರಳುವ ಬದಲು ತಾಯಿ ಕಾರ್ಡ್‌ನಲ್ಲಿರುವ ಬೆಳವಣಿಗೆಯ ಪುಟವನ್ನು ತೆರೆದು ತೂಕ, ಎತ್ತರ, ತಲೆಯ ಸುತ್ತಳತೆ ಬರೆಸಿಕೊಂಡು ಅನುಮಾನಗಳನ್ನು ಕೇಳಲು ಇದೇ ಸಮಯ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಪ್ರವೇಶ ಕೇಂದ್ರಗಳಿಗೆ ಕಳುಹಿಸುವ ವ್ಯವಸ್ಥೆಯಿದೆ. ಅಲ್ಲಿ ಭೌತಚಿಕಿತ್ಸೆ, ವಾಕ್ ಚಿಕಿತ್ಸೆ, ಶ್ರವಣ ಮತ್ತು ದೃಷ್ಟಿ ಪರೀಕ್ಷೆಗಳಿಗೆ ಶುಲ್ಕವಿಲ್ಲ.